ಅಪ್ಪನ ಕಣ್ಣು ಪೆಡಲ್ ಮೇಲೆ

ಅಮೆರಿಕದ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ನಮ್ಮ ಮನೆ. ಊರಿಂದ ಯಾರೇ ಬಂದರೂ ಮೊದಲು ನಯಾಗರಾ ಅಂತಾರೆ. ಅಪ್ಪ ಮಾತ್ರ "ಫೋರ್ಡ್ ಊರಲ್ಲಿ ಇದ್ದೀಯ, ಹಳೇ ಕಾರು ತೋರಿಸು" ಅಂದರು. ಮೂಡಿಗೆರೆಯಲ್ಲಿ ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು ಅವರು.

ಇಲ್ಲಿನ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಬಯಲು ಮ್ಯೂಸಿಯಂನಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕೂರಿಸಿ ಒಂದು ಸುತ್ತು ಹಾಕಿಸುತ್ತಾರೆ. ಅಪ್ಪ ಹಿಂದಿನ ಸೀಟಿನಿಂದಲೇ ಬಗ್ಗಿ ಬಗ್ಗಿ ಡ್ರೈವರ್‌ನ ಕಾಲು ನೋಡಿದರು. ಮೂರು ಪೆಡಲ್ ಇವೆ. ಆದರೆ ಒಂದೂ ಎಕ್ಸಿಲರೇಟರ್ ಅಲ್ಲ! ಎಡಗಡೆಯದು ಗೇರಿಗೆ, ನಡುವಿನದು ರಿವರ್ಸಿಗೆ, ಬಲಗಡೆಯದು ಬ್ರೇಕಿಗೆ. ಎಕ್ಸಿಲರೇಟರ್ ಅಂದರೆ ಸ್ಟೀರಿಂಗ್ ಕೆಳಗಿನ ಪುಟ್ಟ ಕಡ್ಡಿ, ಅದನ್ನು ಕೈಯಲ್ಲೇ ಎಳೆಯಬೇಕು. ಪೆಟ್ರೋಲ್ ಟ್ಯಾಂಕ್ ಸೀಟಿನಡಿ. ಪಂಪ್ ಇಲ್ಲ, ಪೆಟ್ರೋಲ್ ತಾನೇ ಇಳಿದು ಎಂಜಿನ್ ಸೇರಬೇಕು. ಕಡಿದಾದ ಏರು ಬಂದರೆ ಎಂಜಿನ್ ಟ್ಯಾಂಕಿಗಿಂತ ಮೇಲಾಗಿ, ಪೆಟ್ರೋಲ್ ಇಳಿಯಲ್ಲ. ಅದಕ್ಕೇ ಆಗಿನವರು ಗಾಡಿ ತಿರುಗಿಸಿ, ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದರು.

"ಚಾರ್ಮಾಡಿ ಘಾಟಿ ಹಿಂಗೆ ಹತ್ತಬೇಕಾಗಿದ್ರೆ ಕುತ್ತಿಗೆ ಏನಾಗ್ತಿತ್ತು ಮಗಾ!" ಅಂದರು ಅಪ್ಪ.

1908ರಲ್ಲಿ ಬಂದಾಗ ಇದರ ಬೆಲೆ 850 ಡಾಲರ್. 1913ರಲ್ಲಿ ಹತ್ತಿರದ ಹೈಲ್ಯಾಂಡ್ ಪಾರ್ಕ್ ಫ್ಯಾಕ್ಟರಿಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರುವಾಯಿತು, ಅಂದರೆ ಕಾರು ಮುಂದೆ ಸಾಗುತ್ತಾ ಹೋದಂತೆ ಕೆಲಸಗಾರರು ನಿಂತಲ್ಲೇ ಒಂದೊಂದು ಭಾಗ ಜೋಡಿಸುವುದು. ಆಮೇಲೆ ಬೆಲೆ ಇಳಿಯುತ್ತಾ 300 ಡಾಲರ್‌ಗೂ ಕೆಳಗೆ ಬಂತು. ರೈತರೂ ಕಾರು ಕೊಂಡರು. 1927ರ ಹೊತ್ತಿಗೆ ಒಂದೂವರೆ ಕೋಟಿ ಕಾರು!

ಪಕ್ಕದ ಇನ್ನೊಂದು ಮ್ಯೂಸಿಯಂನಲ್ಲಿ ಫೋರ್ಡ್‌ನದೇ ಮಸ್ಟಾಂಗ್ ಎಂಬ ಸ್ಪೋರ್ಟಿ ಕಾರು ಇದೆ, ಸೀರಿಯಲ್ ನಂಬರ್ 1ರದು. ಬಿಳಿ ಬಣ್ಣ, ಉದ್ದ ಬಾನೆಟ್, ಗಿಡ್ಡ ಹಿಂಭಾಗ. 1964ರ ಏಪ್ರಿಲ್ 17ಕ್ಕೆ ಮಸ್ಟಾಂಗ್ ಹೊರಬಂತು, ವರ್ಷದೊಳಗೆ 4 ಲಕ್ಷಕ್ಕೂ ಜಾಸ್ತಿ ಹೋಯಿತು. ತೋರಿಸಲಿಕ್ಕಷ್ಟೇ ಇಟ್ಟಿದ್ದ ಈ ಮೊದಲ ಕಾರನ್ನು ಕೆನಡಾದ ಪೈಲಟ್ ಒಬ್ಬರು ಕೊಂಡುಬಿಟ್ಟಿದ್ದರು. ಅದನ್ನು ವಾಪಸ್ ಪಡೆಯಲು ಕಂಪನಿ ಅವರಿಗೆ ಹೊಸ ಮಸ್ಟಾಂಗ್ ಕೊಟ್ಟಿತು.

ನನಗೆ ಮಸ್ಟಾಂಗ್ ಅಂದರೆ ಪ್ರಾಣ. ಕಾಲೇಜಿನಲ್ಲಿದ್ದಾಗ ಅದರ ಚಿತ್ರ ಗೋಡೆಗೆ ಅಂಟಿಸಿದ್ದೆ. ಆದರೆ ಎರಡನ್ನೂ ಒಂದೇ ದಿನ ನೋಡಿದಾಗ ಒಂದು ವಿಷಯ ಹೊಳೆಯಿತು. ಮಸ್ಟಾಂಗ್‌ನ ಅಂದದ ಮೈಯೊಳಗೆ ಇರುವ ಭಾಗಗಳಲ್ಲಿ ಎಷ್ಟೋ ಫಾಲ್ಕನ್ ಎಂಬ ಸಾದಾ ಕಾರಿನವು. ಅಷ್ಟು ಹೊತ್ತಿಗೆ ಕಾರು ಹೇಗಿರಬೇಕು ಅನ್ನೋದು ಎಲ್ಲರಿಗೂ ಗೊತ್ತಾಗಿತ್ತು, ಚಂದ ಮಾಡೋದಷ್ಟೇ ಬಾಕಿ. ಟಿ ಕಾಲದಲ್ಲಿ ಪೆಡಲ್ ಎಲ್ಲಿರಬೇಕು ಅನ್ನೋದೇ ಇನ್ನೂ ತೀರ್ಮಾನ ಆಗಿರಲಿಲ್ಲ ಅಲ್ವಾ?

ಅಪ್ಪ ಮಸ್ಟಾಂಗ್ ಸುತ್ತ ಒಂದು ಸಲ ನಡೆದರು. "ಚೆನ್ನಾಗಿದೆ. ಇದನ್ನ ಈಗಲೇ ಕೊಟ್ರೂ ಓಡಿಸ್ತೀನಿ. ಅದನ್ನ ಮಾತ್ರ ಕಲೀಬೇಕು" ಅಂದರು.

ಮಾರನೇ ವಾರ ಮತ್ತೆ ಕರೆದುಕೊಂಡು ಹೋದೆ. ಈ ಸಲ ಡ್ರೈವರ್‌ನ ಕೇಳಿ ಮುಂದಿನ ಸೀಟಿನಲ್ಲೇ ಕೂತರು. ಡ್ರೈವರ್ ಪೆಡಲ್ ಒತ್ತಿದಾಗೆಲ್ಲ ಅಪ್ಪನ ಎಡಗಾಲೂ ಜೊತೆಗೆ ಒತ್ತುತ್ತಿತ್ತು.