ಅಮೆರಿಕದಲ್ಲಿ ಊರು ಬದಲಿಸಿದಾಗ ಲೈಸೆನ್ಸ್ ಕಥೆ ಏನು?

ಅಮೆರಿಕದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಹಾಗಾಗಿ ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿಯ ಲೈಸೆನ್ಸ್ ಮಾಡಿಸಬೇಕು, ಅದರ ಗಡುವೂ ಬೇರೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ 10 ದಿನದೊಳಗೆ ಅರ್ಜಿ ಹಾಕಬೇಕು, ನ್ಯೂಯಾರ್ಕಿನಲ್ಲಿ 30 ದಿನ, ಟೆಕ್ಸಾಸ್‌ನಲ್ಲಿ 90 ದಿನ. ಹಳೆಯ ಕಾರ್ಡಿನ ಅವಧಿ ಇನ್ನೂ ಇದೆಯಲ್ಲ ಎಂದು ಸುಮ್ಮನಿರಬೇಡಿ.

ಹೆಚ್ಚು ಜನ ಎಡವುವುದು ವಿಳಾಸದ ದಾಖಲೆಯಲ್ಲಿ. ರಿಯಲ್ ಐಡಿ (ದೇಶದೊಳಗಿನ ವಿಮಾನ ಹತ್ತಲೂ ಗುರುತಿನ ಚೀಟಿಯಾಗಿ ನಡೆಯುವ ಲೈಸೆನ್ಸ್) ಬೇಕಿದ್ದರೆ ವಿಳಾಸಕ್ಕೆ ಎರಡು ಪುರಾವೆ ಕೊಡಬೇಕು. ಬಾಡಿಗೆ ಕರಾರಿನಲ್ಲಿ ರೂಮ್‌ಮೇಟ್ ಹೆಸರು ಮಾತ್ರ ಇದ್ದರೆ ಅದು ನಿಮಗೆ ಸುಲಭವಾಗಿ ನಡೆಯುವುದಿಲ್ಲ. ಬಂದ ವಾರವೇ ಬ್ಯಾಂಕಿನಲ್ಲಿ ವಿಳಾಸ ಬದಲಿಸಿ, ಕರೆಂಟ್ ಬಿಲ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಟೆಕ್ಸಾಸ್‌ನಲ್ಲಿ ಕ್ರಮ ತಪ್ಪಿದರೆ ಎರಡೆರಡು ಸಲ ಓಡಾಟ. ಸ್ವಂತ ಕಾರಿದ್ದರೆ ಅಲ್ಲಿಯ ರಿಜಿಸ್ಟ್ರೇಷನ್ ತೋರಿಸಬೇಕು, ಅದಕ್ಕೆ ಮೊದಲು ಇನ್ಶೂರೆನ್ಸ್ ಬೇಕು. ಇವೆರಡೂ ಆದಮೇಲೆ ಲೈಸೆನ್ಸ್. ಚಾಲ್ತಿಯಲ್ಲಿರುವ ಬೇರೆ ರಾಜ್ಯದ ಲೈಸೆನ್ಸ್ ಒಪ್ಪಿಸುವ ವಯಸ್ಕರಿಗೆ ಅಲ್ಲಿ ಸಾಮಾನ್ಯವಾಗಿ ಪರೀಕ್ಷೆ ಇಲ್ಲ. ಅವಧಿ ಮುಗಿಯಲು ಬಿಡಬೇಡಿ. ಒಪ್ಪಿಸುವ ಮುನ್ನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ.

ವೀಸಾದವರು ಪಾಸ್‌ಪೋರ್ಟ್ ಮತ್ತು ಐ-94ರಲ್ಲಿ (ಅಮೆರಿಕಕ್ಕೆ ಬಂದಿದ್ದರ ಸರ್ಕಾರಿ ದಾಖಲೆ) ಹೆಸರು ಅಕ್ಷರಶಃ ಹೊಂದುತ್ತದೆಯೇ ನೋಡಿ. ನಮ್ಮ ಇನಿಷಿಯಲ್‌ಗಳು, ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್‌ಗಳು ಇಲ್ಲೇ ಸಿಕ್ಕಿಬೀಳುವುದು. ಹೊಂದದಿದ್ದರೆ ಕಂಪ್ಯೂಟರ್ ಪರಿಶೀಲನೆ ನಿಂತು ಕಾರ್ಡ್ ವಾರಗಟ್ಟಲೆ ತಡವಾಗಬಹುದು. ವಲಸೆ ಇಲಾಖೆಗೂ 10 ದಿನದೊಳಗೆ ಹೊಸ ವಿಳಾಸ ತಿಳಿಸಲೇಬೇಕು. ಅದಕ್ಕಿರುವ ಎಆರ್-11 ಫಾರ್ಮ್‌ಗೆ ಶುಲ್ಕವಿಲ್ಲ.