ಐದೂ ನಲವತ್ತರ ಬಸ್ಸು

ಮಂಗಳವಾರ ಸಂಜೆ ಐದೂ ಹತ್ತಕ್ಕೆ ಮುಂದಿನ ಸಾಲಿನ ಹುಡುಗಿ ಗೋಡೆ ಗಡಿಯಾರ ನೋಡಿದಳು. ಅವಳ ಹಿಂದೆಯೇ ಇನ್ನೊಬ್ಬಳು. ಐದೂ ಕಾಲರ ಹೊತ್ತಿಗೆ ನಾಲ್ಕೈದು ಚೀಲಗಳ ಜಿಪ್ ಎಳೆದ ಸದ್ದು. ಬೆಂಗಳೂರಿನಿಂದ ಬಂದಿದ್ದ, ಅನುದಾನ ಕೊಡುವ ಪ್ರತಿಷ್ಠಾನದ ಅಧಿಕಾರಿ ಮಕ್ಕಳ ಜೊತೆಗಿನ ಮಾತು ಅರ್ಧಕ್ಕೇ ನಿಲ್ಲಿಸಿ ನಮ್ಮ ಕಡೆ ಬಾಗಿದರು. "ಮಕ್ಕಳಿಗೆ ಆಸಕ್ತಿ ಸ್ವಲ್ಪ ಕಡಿಮೆ ಅನಿಸ್ತದೆ, ಅಲ್ವಾ?"

"ಬಸ್ಸಿಗೆ ಸರ್" ಅಂದಳು ಕೇಂದ್ರ ನಡೆಸುವ ಕಾರ್ಯಕರ್ತೆ. ಅಷ್ಟೇ ಅಂದಳು. ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಅವರಿಗೆ ಕೇಳಿಸಿತೋ ಇಲ್ಲವೋ. ಟ್ಯಾಬಿನಲ್ಲಿ ಏನೋ ಬರೆದುಕೊಂಡರು.

ಅಂಕೋಲಾ ಕಡೆಯ ಒಂದು ಸಂಜೆ ಕೇಂದ್ರ ಅದು. ಎಂಟನೆಯಿಂದ ಪಿಯುಸಿವರೆಗಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಬರುತ್ತಾರೆ. ಮೀನುಗಾರರ ಮನೆಯವರು, ಹಾಲಕ್ಕಿ ಸಮುದಾಯದ ಕೊಪ್ಪಗಳವರು, ಹೆದ್ದಾರಿ ಬದಿ ಬಾಡಿಗೆ ಕೋಣೆಯಲ್ಲಿರುವ ವಲಸೆ ಕೂಲಿಗಳ ಮಕ್ಕಳು. ಗಣಿತ, ಇಂಗ್ಲಿಷ್, ಕಂಪ್ಯೂಟರ್, ಕಬಡ್ಡಿ, ವಾರಕ್ಕೊಮ್ಮೆ ಮುಂದೆ ಏನು ಓದಬಹುದು ಅನ್ನುವ ಮಾತು. ಇಂಥ ಕೇಂದ್ರಗಳ ಅರ್ಜಿ, ಬಜೆಟ್ಟು, ಲೆಕ್ಕಪತ್ರ ನೋಡುವ ಕೆಲಸಕ್ಕಾಗಿ ನಾನು ಅಲ್ಲಿದ್ದೆ. ವಾರವಿಡೀ ಆ ಎರಡು ಮಾತು ಕಿವಿಯಲ್ಲೇ ಇವೆ. ಆಸಕ್ತಿ ಕಡಿಮೆ. ಬಸ್ಸಿಗೆ ಸರ್.

ಆ ಅಧಿಕಾರಿ ಕೆಟ್ಟವರಲ್ಲ. ಮಕ್ಕಳ ಜೊತೆ ಚಾಪೆ ಮೇಲೆ ಕೂತು ಉಪ್ಪಿಟ್ಟು ತಿಂದರು, ನೋಟ್‌ಬುಕ್ ತೆರೆದು ನೋಡಿದರು, ಹೆಸರು ಕೇಳಿ ನೆನಪಿಟ್ಟುಕೊಂಡರು. ಹಾಗೆ ಮಾಡುವವರು ಕಡಿಮೆ. ಆದರೆ ಅವರ ಕೈಯಲ್ಲಿದ್ದ ನಮೂನೆಯಲ್ಲಿ 'ಮಕ್ಕಳ ಆಸಕ್ತಿ' ಅಂತ ಒಂದು ಕಾಲಂ ಇತ್ತು, 'ಕೊನೆಯ ಬಸ್ಸು' ಅನ್ನುವ ಕಾಲಂ ಇರಲಿಲ್ಲ. ಅದೇ ನಮೂನೆಯ ಬಜೆಟ್ ಹಾಳೆಯಲ್ಲಿ ಎರಡು ಸಾಲುಗಳ ಮೇಲೆ ಹಳದಿ ಬಣ್ಣ ಹಚ್ಚಿ 'ಪರಿಶೀಲಿಸಿ, ಕಡಿತಕ್ಕೆ ಅವಕಾಶವಿದೆ' ಎಂದು ಬರೆದಿತ್ತು. ಒಂದು ಸಾಲು ತಿಂಡಿ, ಇನ್ನೊಂದು ವಾಹನ.

ಒಂದು ಕೇಂದ್ರದ ವರ್ಷದ ಲೆಕ್ಕ ಸುಮಾರಾಗಿ ಹೀಗೆ ಬರುತ್ತದೆ. ದಿನದ ಸರಾಸರಿ ಹಾಜರಿ 40, ಕೆಲಸದ ದಿನ 200 ಅಂತಿಟ್ಟುಕೊಳ್ಳಿ. ಸಂಯೋಜಕಿಗೆ ತಿಂಗಳಿಗೆ 20,000ದಂತೆ 2,40,000. ಅರೆಕಾಲಿಕ ಶಿಕ್ಷಕರಿಬ್ಬರಿಗೆ ತಲಾ 9,000ದಂತೆ 2,16,000. ತಿಂಡಿ ತಲೆಗೆ 15 ರೂಪಾಯಿ, 1,20,000. ಬಸ್ಸಿಲ್ಲದ ದಾರಿಯವರನ್ನು ಮನೆ ಮುಟ್ಟಿಸುವ ಟೆಂಪೋಗೆ ದಿನಕ್ಕೆ 600, ಅದೂ 1,20,000. ಪುಸ್ತಕ, ಆಟದ ಸಾಮಾನು 40,000. ತರಬೇತಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ಪ್ರಥಮ ಚಿಕಿತ್ಸೆ 30,000. ಲೆಕ್ಕಪತ್ರ, ಆಡಿಟ್ 45,000. ಒಟ್ಟು 8,11,000. ಮಗುವಿಗೆ ದಿನಕ್ಕೆ ನೂರಾ ಒಂದು ರೂಪಾಯಿ ಚಿಲ್ಲರೆ.

ತಿಂಡಿ ಮತ್ತು ಟೆಂಪೋ ತೆಗೆದರೆ 5,71,000ಕ್ಕೆ ಇಳಿಯುತ್ತದೆ. ಹಾಳೆಯ ಮೇಲೆ ಚೆಂದ ಕಾಣುತ್ತದೆ. ಆದರೆ ಹೈಸ್ಕೂಲಿನ ಮಕ್ಕಳು ಬಿಸಿಯೂಟ ಉಂಡು ಸಂಜೆ ಐದರ ಹೊತ್ತಿಗೆ ಮೂರ್ನಾಲ್ಕು ತಾಸಾಗಿರುತ್ತದೆ, ಪಿಯುಸಿಯವರಿಗೆ ಆ ಬಿಸಿಯೂಟವೂ ಇಲ್ಲ. ಹಸಿದ ಹುಡುಗ ಸಮೀಕರಣ ಬಿಡಿಸಲು ಕೂರುವುದಿಲ್ಲ, ಮನೆಗೆ ಹೋಗುತ್ತಾನೆ. ಕತ್ತಲಾದ ಮೇಲೆ ಒಳದಾರಿಯಲ್ಲಿ ಒಬ್ಬಳೇ ನಡೆದು ಬರಬೇಕು ಅಂತಾದರೆ ಯಾವ ತಾಯಿಯೂ ಮಗಳನ್ನು ಕಳಿಸುವುದಿಲ್ಲ. ನಲವತ್ತು ಇಪ್ಪತ್ತಾಯಿತು ಅನ್ನಿ, ಮಗುವೊಂದಕ್ಕೆ ವರ್ಷಕ್ಕೆ 20,275 ಇದ್ದ ಖರ್ಚು 28,550 ಆಗುತ್ತದೆ. ಕಡಿತ ಮಾಡಿದ್ದರಿಂದಲೇ ಕೇಂದ್ರ ದುಬಾರಿಯಾಯಿತು. ಉಳಿದ ಇಪ್ಪತ್ತು ಮಂದಿ ಯಾರು? ಕೇಂದ್ರದ ಹತ್ತಿರ ಮನೆ ಇರುವವರು, ಸಂಜೆ ಮನೆಯಲ್ಲಿ ಚಾ-ಅವಲಕ್ಕಿ ಸಿಗುವವರು. ಯಾರಿಗಾಗಿ ಕೇಂದ್ರ ತೆರೆದರೋ ಅವರೇ ಮೊದಲು ಬಿಟ್ಟು ಹೋಗಿರುತ್ತಾರೆ.

"ಹುಡುಗಿಯರಿಗೆ ಬಸ್ಸು ಉಚಿತ ಅಲ್ವಾ?" ಎಂದೂ ಆ ಅಧಿಕಾರಿ ಕೇಳಿದರು. ಹೌದು, ಜೂನ್ 11, 2023ರಿಂದ ಶಕ್ತಿ ಯೋಜನೆ ಇದೆ, ಅದರಿಂದ ಎಷ್ಟೋ ಹುಡುಗಿಯರು ಈ ಕೇಂದ್ರಗಳಿಗೆ ಬರುವಂತಾಗಿದ್ದು ನಿಜ. ಆದರೆ ಟಿಕೆಟ್ ಉಚಿತವಾಯಿತು ಅಂತ ಆರೂವರೆಗೆ ಹೊಸ ಬಸ್ಸು ಹುಟ್ಟಲಿಲ್ಲ. ಹೆದ್ದಾರಿಯಲ್ಲಿ ಬಸ್ಸು ಸಿಗುತ್ತದೆ, ಹೆದ್ದಾರಿಯಿಂದ ಒಳಗೆ ನಾಲ್ಕೈದು ಕಿಲೋಮೀಟರ್ ಹೋಗುವ ಊರುಗಳಿಗೆ ಐದೂ ನಲವತ್ತರದ್ದೇ ಕೊನೆ. ಅಲ್ಲಿ ಚೀಲದ ಜಿಪ್ ಎಳೆದ ಹುಡುಗಿಯರೆಲ್ಲ ಆ ಊರುಗಳವರು.

ತಿಂಡಿ, ವಾಹನದ ಸಾಲಿಗೆ ಹಳದಿ ಹಚ್ಚುವುದರ ಹಿಂದೆ, ಅವು ಆಡಳಿತ ವೆಚ್ಚ ಅನ್ನುವ ಒಂದು ತಪ್ಪು ತಿಳಿವಳಿಕೆ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು, ಅದರಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆಡಳಿತ ವೆಚ್ಚ ಶೇ. 5 ಮೀರಬಾರದು ಅನ್ನುವುದೂ ಗೊತ್ತು. ಆದರೆ ಆ ಶೇ. 5 ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿನ ಮಿತಿ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಉಸ್ತುವಾರಿ ನೋಡಲು ನೇರವಾಗಿ ತಗಲುವ ವೆಚ್ಚ ಅದರಲ್ಲಿ ಬರುವುದಿಲ್ಲ ಎಂದು 2021ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೂ ಊರಿನ ಪುಟ್ಟ ಟ್ರಸ್ಟಿನ ಸಂಯೋಜಕಿಯ ಸಂಬಳಕ್ಕೂ ಅದೇ ಶೇ. 5ರ ಕತ್ತರಿ ಹಾಕುವವರಿದ್ದಾರೆ. ಟ್ರಸ್ಟಿನವರೂ ಎದುರು ಮಾತಾಡುವುದಿಲ್ಲ. ಆದಾಯ ತೆರಿಗೆ ಇಲಾಖೆಯ ನೋಂದಣಿಗಳನ್ನು ಮಾಡಿಸಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಪಡೆದು, ಮೂರು ವರ್ಷದ ಕೆಲಸದ ದಾಖಲೆ ಜೋಡಿಸಿ ಅಂತೂ ಒಬ್ಬ ದಾನಿ ಸಿಕ್ಕಿರುತ್ತಾನೆ. ಕಳೆದುಕೊಳ್ಳುವ ಭಯ.

ಆ ಭಯವೇ ಮಂಗಳವಾರ ನನ್ನನ್ನು ಹೆಚ್ಚು ಕಾಡಿದ್ದು. ಕಾರ್ಯಕರ್ತೆ ಹುಷಾರಿನ ಹೆಣ್ಣುಮಗಳು. ಯಾವ ಹುಡುಗಿ ಯಾವ ತಿರುವಿನಲ್ಲಿ ಇಳಿಯುತ್ತಾಳೆ, ಯಾರ ಮನೆಯಲ್ಲಿ ಕುಡಿತ, ಯಾರಿಗೆ ಮದುವೆ ಮಾತು ನಡೆದಿದೆ ಎಲ್ಲ ಅವಳಿಗೆ ಗೊತ್ತು. ಅಂಥವಳು ಎರಡೇ ಶಬ್ದ ಹೇಳಿ ಸುಮ್ಮನಾದಳು. ನಾವೂ ಸುಮ್ಮನಿದ್ದೆವು. ಗಡಿಯಾರ ನೋಡುವುದು ಆಸಕ್ತಿ ಇಲ್ಲದ್ದಕ್ಕಲ್ಲ, ನಾಳೆಯೂ ಇಲ್ಲಿಗೆ ಬರಬೇಕೆಂದರೆ ಇವತ್ತು ಹೊತ್ತಿಗೆ ಮನೆ ಸೇರಬೇಕು ಅನ್ನುವುದಕ್ಕೆ ಎಂದು ಯಾರಾದರೂ ಒಬ್ಬರು ಆಗಲೇ ಹೇಳಬೇಕಿತ್ತು. ಬಡವರ ಮಕ್ಕಳ ಅವಸರವನ್ನು ಅಸಡ್ಡೆ ಅಂತ ಓದುವುದು ಶಾಲೆಯಲ್ಲೂ ನಡೆಯುತ್ತದೆ, ಆಸ್ಪತ್ರೆಯಲ್ಲೂ ನಡೆಯುತ್ತದೆ. ಇಲ್ಲಿ ಅದು ಅನುದಾನದ ವರದಿ ಸೇರುತ್ತದೆ.

ವರದಿಯ ತ್ರೈಮಾಸಿಕಗಳದ್ದು ಬೇರೆಯೇ ಪೀಕಲಾಟ. ಆರ್ಥಿಕ ವರ್ಷದ ಮೊದಲ ಮೂರು ತಿಂಗಳಲ್ಲಿ ಎರಡು ತಿಂಗಳು ಹತ್ತಿರಹತ್ತಿರ ಬೇಸಿಗೆ ರಜೆಯೇ. ಜುಲೈಯಲ್ಲಿ ಹಿಂದಿನ ರಾತ್ರಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸುವ ದಿನಗಳು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಷೇಧ, ಮನೆಯಲ್ಲಿ ಕೈ ಬರಿದು. ಆಗಸ್ಟ್ 1ಕ್ಕೆ ಬೋಟುಗಳು ಇಳಿದವೆಂದರೆ ದೊಡ್ಡ ಹುಡುಗರು ಬಂದರಿನಲ್ಲಿ ಐಸ್ ಹೊರಲು, ಮೀನು ವಿಂಗಡಿಸಲು ಹೋಗುತ್ತಾರೆ. ಅಧಿಕಾರಿ ಬಂದ ದಿನ ಪಿಯುಸಿ ಹುಡುಗರು ಮೂವರೇ ಇದ್ದದ್ದು ಅದಕ್ಕೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆ ಇದೇ ಇಳಿತ ಅಡಿಕೆ ಕೊಯ್ಲಿಗೆ ಬರುತ್ತದೆ, ಸಂಜೆ ಸುಲಿಯಲು ಕೂತರೆ ಕೈಗೆ ಕಾಸು. ಆದ್ದರಿಂದ ಅರ್ಜಿ ಬರೆಯುವವರು ವರ್ಷಪೂರ್ತಿ ಒಂದೇ ಹಾಜರಿ ತೋರಿಸುವ ಗೆರೆ ಎಳೆಯಲೇಬಾರದು. ತಿಂಗಳು ತಿಂಗಳಿಗೆ ನಿರೀಕ್ಷಿತ ಹಾಜರಿ ಬೇರೆ ಬರೆದು ಪಕ್ಕದಲ್ಲೇ ಕಾರಣ ಹಾಕಬೇಕು. ಆಮೇಲೆ ಹೇಳಿದರೆ ನೆಪ ಅನಿಸುತ್ತದೆ, ಮೊದಲೇ ಹೇಳಿದರೆ ತಿಳಿವಳಿಕೆ. ನೋಂದಣಿ ಸಂಖ್ಯೆ ಬೇರೆ, ದಿನದ ಸರಾಸರಿ ಬೇರೆ, ವಾರಕ್ಕೆ ಮೂರು ದಿನವಾದರೂ ಬಂದವರ ಸಂಖ್ಯೆ ಬೇರೆ. ಈ ಮೂರನೆಯದೇ ನಿಜವಾದ ಅಳತೆ, ಅದನ್ನು ಕೇಳುವ ದಾನಿಗಳು ಸಿಗುವುದು ಅಪರೂಪ.

ಅನುದಾನದ ಕಂತಿನ ವಿಷಯಕ್ಕೆ ಇನ್ನೂ ಎಚ್ಚರ ಬೇಕು. ಮೊದಲ ಕಂತು ಖರ್ಚಾಗಿ, ಲೆಕ್ಕ ಮುಗಿದು, ಸಿಎ ಸಹಿ ಹಾಕಿದ ಬಳಕೆ ಪ್ರಮಾಣಪತ್ರ ಹೋಗಿ, ಅವರ ಕಡೆ ಪರಿಶೀಲನೆಯಾಗಿ ಎರಡನೇ ಕಂತು ಬರುವ ಹೊತ್ತಿಗೆ ಎರಡು ತಿಂಗಳು ಸುಲಭವಾಗಿ ಜಾರುತ್ತದೆ. ಆ ಎರಡು ತಿಂಗಳು ಶಿಕ್ಷಕಿಗೆ ಸಂಬಳವಿಲ್ಲ. ಒಮ್ಮೆ ಅವಳು ಕಾರವಾರದ ಅಂಗಡಿಯಲ್ಲೋ ಗೋವಾದಲ್ಲೋ ಕೆಲಸ ಹಿಡಿದಳೆಂದರೆ ತಿರುಗಿ ಬರುವುದಿಲ್ಲ. ಹದಿನೈದು ವರ್ಷದ ಹುಡುಗಿ ಬರುವುದು ಕೇಂದ್ರಕ್ಕಲ್ಲ, ಆ ಒಬ್ಬ ಅಕ್ಕನ ಬಳಿಗೆ. ಹಾಗಾಗಿ ಮೊದಲ ಕಂತು ಎಂಟು ತಿಂಗಳಿಗೆ ಸಾಲುವಷ್ಟಿರಲಿ, ಆರನೇ ತಿಂಗಳಲ್ಲೇ ಲೆಕ್ಕ ಸಲ್ಲಿಸುತ್ತೇವೆ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು. ಅವಧಿಯನ್ನೂ ಕೇಳಬೇಕು. ಮುಂದುವರಿಯುವ ಯೋಜನೆ ಎಂದು ಕಂಪನಿ ತೀರ್ಮಾನಿಸಿದರೆ ಆರಂಭದ ವರ್ಷ ಬಿಟ್ಟು ಮತ್ತೂ ಮೂರು ವರ್ಷ ಹಣ ಕೊಡಲು ನಿಯಮದಲ್ಲೇ ಅವಕಾಶವಿದೆ. ಎಂಟನೇ ತರಗತಿಗೆ ಸೇರಿದ ಮಗು ಹತ್ತನೇ ತರಗತಿ ದಾಟುವವರೆಗೆ ಅಷ್ಟು ಸಾಕು. ಕಡ್ಡಾಯ ಶಿಕ್ಷಣದ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. ಮಕ್ಕಳು ಕೈ ತಪ್ಪುವುದು ಅಲ್ಲಿಂದ ಮುಂದೆ.

ಬುಧವಾರ ಕೂತು ಬಜೆಟ್ ಹಾಳೆ ತಿದ್ದಿದೆವು. ಮೊತ್ತ ಮುಟ್ಟಲಿಲ್ಲ. 'ವಾಹನ ವೆಚ್ಚ' ಅನ್ನುವುದನ್ನು ತೆಗೆದು 'ಸಂಜೆ ಮಕ್ಕಳನ್ನು ಮನೆ ಮುಟ್ಟಿಸುವುದು' ಎಂದು ಬರೆದು ಮಕ್ಕಳ ಸುರಕ್ಷತೆಯ ಭಾಗಕ್ಕೆ ಸೇರಿಸಿದೆವು, ಪೊಲೀಸ್ ಪರಿಶೀಲನೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ತರಬೇತಿಯ ಸಾಲುಗಳ ಪಕ್ಕ. ಅದರ ಜಾಗ ಅದೇ. ಪ್ರತಿ ಸಾಲಿನ ಕೆಳಗೆ ಒಂದು ವಾಕ್ಯದ ಕಾರಣ. ಜೊತೆಗೆ ಬಸ್ಸಿನ ವೇಳಾಪಟ್ಟಿ, ಯಾವ ಊರಿಗೆ ಎಷ್ಟು ಮಕ್ಕಳು ಅನ್ನುವ ಪಟ್ಟಿ, ಹೆಸರಿಲ್ಲದೆ. ನಲವತ್ತರಿಂದ ಇಪ್ಪತ್ತಕ್ಕಿಳಿದರೆ ಆಗುವ 28,550ರ ಲೆಕ್ಕವನ್ನು ಕಾರ್ಯಕರ್ತೆಯೇ ತನ್ನ ಕೈಯಾರೆ ಟೈಪ್ ಮಾಡಿದಳು. ಕೊನೆಗೆ ಅಧಿಕಾರಿಗೆ ಒಂದು ಪ್ಯಾರಾ ಬರೆದಳು: ಅಂದು ಮಕ್ಕಳು ಯಾಕೆ ಎದ್ದರು, ನೀವು ಇನ್ನೊಮ್ಮೆ ಬರುವುದಾದರೆ ನಾಲ್ಕೂವರೆಗೇ ಬನ್ನಿ, ಆಮೇಲೆ ನಮ್ಮ ಜೊತೆ ಬಸ್ಸು ಹತ್ತಿ.

ಗುರುವಾರ ಉತ್ತರ ಬಂತು. ಬಜೆಟ್ಟಿನ ಬಗ್ಗೆ ಇನ್ನೂ ಏನೂ ಹೇಳಿಲ್ಲ, ಸಮಿತಿ ಮುಂದೆ ಇಡಬೇಕಂತೆ. ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೇಳಿದ್ದಾರೆ.