ಕಪ್ಪು ಗೂಟ, ಬೂದು ಗೂಟ

ನನ್ನನ್ನು ರೋಬೋಟ್ ತಂಡಕ್ಕೆ ಸೇರಿಸಿಕೊಂಡದ್ದು ನಾನು ಜಾಣ ಅಂತ ಅಲ್ಲ. ನಮ್ಮಪ್ಪನದು ತಿಪಟೂರಿನಲ್ಲಿ ಕಿರಾಣಿ ಅಂಗಡಿ ಅಂತ.

2019ರ ಮಾತು. ನಾನು ಒಂಬತ್ತನೇ ತರಗತಿ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದವರು ಲೆಗೋ ಇವಿ3 ಅಂತ, ಪ್ಲಾಸ್ಟಿಕ್ ತುಂಡು ಜೋಡಿಸಿ ರೋಬೋಟ್ ಮಾಡುವ ಒಂದು ಕಿಟ್ ಕೊಡಿಸಿದ್ದರು. ಅದರಲ್ಲಿ 541 ತುಂಡುಗಳು. ಎರಡೇ ವಾರದಲ್ಲಿ ಅವೆಲ್ಲ ಒಂದು ಬಕೆಟ್ಟಿಗೆ ಬಿದ್ದು ಕಲಸನ್ನವಾಗಿದ್ದವು. ವಿಜ್ಞಾನದ ಮೇಷ್ಟ್ರು ಆ ಬಕೆಟ್ ಹಿಡಿದುಕೊಂಡೇ ಕ್ಲಾಸಿಗೆ ಬಂದರು. "ಲೋ, ನೀನು ಅಂಗಡೀಲಿ ಕೂರ್ತೀಯಲ್ಲ, ಇದನ್ನ ಜೋಡಿಸಿ ಕೊಡೋ" ಅಂದರು. ಹಾಗೆ ನಾನು ತಂಡದ ಒಂಬತ್ತನೆಯವನಾದೆ. ಹತ್ತು ಜನರಿಗಿಂತ ಜಾಸ್ತಿ ಇರಬಾರದು ಅಂತ ನಿಯಮ, ಹಾಗಾಗಿ ಜಾಗ ಇತ್ತು.

ಮನೆಯಲ್ಲಿ ಹೇಳಿದೆ. ಅಪ್ಪ ತಕ್ಕಡಿಯಿಂದ ತಲೆ ಎತ್ತದೆ ಕೇಳಿದರು, "ಎಣಿಸೋಕೆ ಸಂಬಳ ಎಷ್ಟಂತೆ?"

ಸ್ಪರ್ಧೆಯ ಹೆಸರು ಫಸ್ಟ್ ಲೆಗೋ ಲೀಗ್. ಅಮೆರಿಕದ ಡೀನ್ ಕೇಮನ್ ಕಟ್ಟಿದ ಫಸ್ಟ್ ಸಂಸ್ಥೆ ಮತ್ತು ಲೆಗೋ ಕಂಪನಿ ಸೇರಿ ಶುರುಮಾಡಿದ್ದು. ಪ್ರತಿ ವರ್ಷ ಒಂದು ವಿಷಯ ಕೊಡುತ್ತಾರೆ. ಆ ವರ್ಷದ್ದು 'ಸಿಟಿ ಶೇಪರ್', ಅಂದರೆ ಊರು ಕಟ್ಟುವ ಕೆಲಸ. ಎಂಟಡಿಗೆ ನಾಲ್ಕಡಿ ಟೇಬಲ್, ಅದರ ಮೇಲೆ ಲೆಗೋದಲ್ಲೇ ಮಾಡಿದ ಸೇತುವೆ, ಕ್ರೇನು, ಲಿಫ್ಟು, ಉಯ್ಯಾಲೆ. ರೋಬೋಟು ಎರಡೂವರೆ ನಿಮಿಷದಲ್ಲಿ ತಾನಾಗಿ ಓಡಾಡಿ ಎಷ್ಟು ಕೆಲಸ ಮುಗಿಸುತ್ತದೋ ಅಷ್ಟು ಅಂಕ. ರಿಮೋಟ್ ಇಲ್ಲ. ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಶೀಟೂ ಎಂಟಕ್ಕೆ ನಾಲ್ಕೇ ಅಲ್ವಾ? ಬಡಗಿ ಸುತ್ತಲೂ ಅಂಚು ಹೊಡೆದುಕೊಟ್ಟರು, ಟೇಬಲ್ ಆಯಿತು.

ನಾನು ಅಂಗಡಿಯಿಂದ ಹನ್ನೆರಡು ಖಾಲಿ ಡಬ್ಬಿ ತಂದೆ. ಕಂಪನಿಯ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲ, ನಮ್ಮದೇ ಇಟ್ಟುಕೊಂಡೆವು. ಬೀಮ್‌ಗೆ ಪಟ್ಟಿ, ಆಕ್ಸಲ್‌ಗೆ ಕಡ್ಡಿ, ಪಿನ್ನಿಗೆ ಗೂಟ. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದೆ. ಸಂಜೆ ಎಣಿಸಿ ಲೆಕ್ಕ ಸರಿಹೋಗುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ ಅಂತ ಕಾನೂನು ಮಾಡಿದೆ. ಎಲ್ಲರೂ ಬೈದುಕೊಂಡೇ ಬೆಂಚಿನ ಕೆಳಗೆ ಹುಡುಕುತ್ತಿದ್ದರು.

ಪ್ರೋಗ್ರಾಮ್ ಬರೆಯುತ್ತಿದ್ದವಳು ನಮ್ಮ ಕ್ಲಾಸಿನ ಹುಡುಗಿ. ಮೊದಮೊದಲು ಇಷ್ಟು ಸೆಕೆಂಡ್ ಓಡು ಅಂತ ಬರೆಯುತ್ತಿದ್ದಳು. ಬೆಳಿಗ್ಗೆ ಉಯ್ಯಾಲೆವರೆಗೆ ಹೋಗುತ್ತಿದ್ದ ರೋಬೋಟು ಸಂಜೆ ಅರ್ಧಕ್ಕೇ ನಿಲ್ಲುತ್ತಿತ್ತು. ಬ್ಯಾಟರಿ ಇಳಿದರೆ ಓಟವೂ ಇಳಿಯುತ್ತದೆ. ಆಮೇಲೆ ಚಕ್ರದ ಸುತ್ತಿನ ಲೆಕ್ಕಕ್ಕೆ ಬಂದೆವು. 56 ಮಿಲಿಮೀಟರ್ ಚಕ್ರ, ಒಂದು ಸುತ್ತಿಗೆ ಸುಮಾರು 17.6 ಸೆಂಟಿಮೀಟರ್. ಗಣಿತದ ಮೇಷ್ಟ್ರು ಎಷ್ಟು ಬಡಿದುಕೊಂಡರೂ ತಲೆಗೆ ಹತ್ತದ ಪೈ, ಆ ಟೇಬಲ್ ಪಕ್ಕ ಸುಮ್ನೆ ಹತ್ತಿಬಿಟ್ಟಿತು.

ರೋಬೋಟಿಗೆ ಮುಂದೆ ಒಂದು ಉದ್ದ ತೋಳು. ಹೊರಟರೆ ಸಾಕು, ಅದು ಮೇಲೆ ಕೆಳಗೆ ತಲೆಯಾಡಿಸುತ್ತಿತ್ತು. ಏನು ಕೇಳಿದರೂ ಹೂಂ ಅನ್ನುವ ಹಾಗೆ. ಕೋಲೆಬಸವ ಅಂತ ಹೆಸರಿಟ್ಟೆವು. ಹೆಸರೇನೋ ಚೆನ್ನಾಗಿತ್ತು. ಆದರೆ ತೋಳು ಉಯ್ಯಾಲೆಗೆ ಒಂದು ಸಲ ತಾಗಿದರೆ ಮೂರು ಸಲ ತಪ್ಪುತ್ತಿತ್ತು. ದೊಡ್ಡ ಹುಡುಗರು ಪ್ರೋಗ್ರಾಮ್ ತಿದ್ದಿದರು, ಮೋಟಾರ್ ಬದಲಿಸಿದರು. ಒಂದು ವಾರ ಹೋಯಿತು.

ಒಂದು ಸಂಜೆ ಎಣಿಸುವಾಗ ಬೂದು ಗೂಟ ನಾಲ್ಕು ಕಮ್ಮಿ, ಕಪ್ಪು ಗೂಟ ನಾಲ್ಕು ಜಾಸ್ತಿ ಬಂದವು. ನೋಡೋಕೆ ಎರಡೂ ಒಂದೇ ಥರ. ಆದರೆ ಕಪ್ಪು ಗೂಟದ ಮೈಮೇಲೆ ಸಣ್ಣ ಏಣುಗಳಿರುತ್ತವೆ, ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಬೂದು ಗೂಟ ನುಣುಪು, ಸಲೀಸಾಗಿ ತಿರುಗುತ್ತದೆ. ತಿರುಗಬೇಕಾದ ಕಡೆಗೇ ಅದು. ಬಸವನ ಕುತ್ತಿಗೆ ತಿರುಗಿಸಿ ನೋಡಿದೆ. ನಾಲ್ಕೂ ಬೂದು! ಕಿತ್ತು ಕಪ್ಪು ಹಾಕಿದೆ. ತೋಳು ನೆಟ್ಟಗೆ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. "ಮೊದಲೇ ಹೇಳೋಕೇನಾಗಿತ್ತೋ ನಿಂಗೆ" ಅಂತ ಎಲ್ಲರೂ ರೇಗಿದರು. ಮರುದಿನದಿಂದ ಮಾತ್ರ ತುಂಡು ಬೇಕಾದವರು ನನ್ನನ್ನು ಕೇಳಿಯೇ ತೆಗೆದುಕೊಳ್ಳತೊಡಗಿದರು.

ಪ್ರಾದೇಶಿಕ ಸ್ಪರ್ಧೆಗೆ ಬೆಂಗಳೂರಿಗೆ ರೈಲಿನಲ್ಲಿ ಹೋದೆವು. ಡಬ್ಬಿಗಳು ನನ್ನ ತೊಡೆಯ ಮೇಲೆ. ಅಲ್ಲಿನ ತಂಡಗಳಿಗೆ ಬಣ್ಣಬಣ್ಣದ ಟೀ ಶರ್ಟು, ನಮಗೆ ಯೂನಿಫಾರ್ಮು. ರೋಬೋಟ್ ಆಟದ ಜೊತೆಗೆ ಒಂದು ಪ್ರಾಜೆಕ್ಟೂ ಹೇಳಬೇಕು. ಬಸ್ ಕಾಯುವ ಜಾಗಕ್ಕೆ ತೆಂಗಿನ ಗರಿಯ ಚಪ್ಪರ ಅಂತ ನಮ್ಮದು. ಗರಿ ಹಾಳಾದರೆ ಏನು ಮಾಡ್ತೀರಿ ಅಂತ ತೀರ್ಪುಗಾರರು ಕೇಳಿದರು. "ತಿಪಟೂರಲ್ಲಿ ಗರಿಗೆ ಬರವಾ ಸಾರ್" ಅಂದ ನಮ್ಮ ಹಾಸ್ಟೆಲ್ ಹುಡುಗ. ಅವರೂ ನಕ್ಕರು.

ಮೊದಲ ಸುತ್ತು ಎಕ್ಕುಟ್ಟಿಹೋಯಿತು. ಲ್ಯಾಬಿನ ಒಂದು ಟ್ಯೂಬ್‌ಲೈಟಿನಲ್ಲಿ ಕಲಿತ ಬಸವನಿಗೆ ಆ ಹಾಲಿನ ದೀಪಗಳು ಕಣ್ಣಿಗೆ ಹೊಡೆದವು. ನೆಲದ ಕಪ್ಪು ಗೆರೆ ಹಿಡಿದು ಹೋಗಬೇಕಾದದ್ದು, ಗೆರೆ ಬಿಟ್ಟು ಅಡ್ಡಾದಿಡ್ಡಿ ಹೊರಟಿತು. ಹೊರಗೆ ಹೋದ ರೋಬೋಟನ್ನು ಕೈಯಲ್ಲಿ ಎತ್ತಿ ತಂದರೆ ಸಲಕ್ಕೊಂದು ಟೋಕನ್ ಕಿತ್ತುಕೊಳ್ಳುತ್ತಾರೆ. ಆರರಲ್ಲಿ ಉಳಿದದ್ದು ಎರಡು. ಮೇಷ್ಟ್ರು ಟೇಬಲ್ ಹತ್ತಿರ ಬರುವ ಹಾಗಿಲ್ಲ. ದೂರದಲ್ಲಿ ಕರ್ಚೀಫ್ ಹಿಂಡುತ್ತಾ ನಿಂತಿದ್ದರು.

ಗೆರೆ ನೋಡುವ ಸೆನ್ಸರಿಗೆ, ಅಂದರೆ ಬಸವನ ಕಣ್ಣಿಗೆ, ನೆರಳು ಮಾಡಬೇಕಿತ್ತು. ಒಬ್ಬ ಕಪ್ಪು ಟೇಪ್ ತೆಗೆದ. ಟೇಪು, ಕಾಗದ ಏನೂ ಹಚ್ಚುವಂತಿಲ್ಲ, ಎಲ್ಲ ಲೆಗೋ ತುಂಡೇ ಆಗಿರಬೇಕು. ಏಳನೇ ಡಬ್ಬಿಯಲ್ಲಿ ಕಪ್ಪು ಪಟ್ಟಿಗಳಿದ್ದವು. ನೋಡದೆಯೇ ಕೈ ಹಾಕಿ ತೆಗೆದುಕೊಟ್ಟೆ. ಸೆನ್ಸರಿನ ಸುತ್ತ ಟೋಪಿಯ ಹಾಗೆ ಕಟ್ಟಿ, ಬಿಳುಪು ಕಪ್ಪು ಎರಡನ್ನೂ ಮತ್ತೆ ಓದಿಸಿದೆವು. ಎರಡನೇ ಸುತ್ತು ಪರವಾಗಿಲ್ಲ. ಮೂರನೆಯದರಲ್ಲಿ ಬಸವ ಉಯ್ಯಾಲೆ ತೂಗಿ, ಕೊನೆಯ ಸೆಕೆಂಡುಗಳಲ್ಲಿ ಸೇತುವೆ ಹತ್ತಿ ನಿಂತ. ಟೇಬಲ್ ಬಳಿ ಇಬ್ಬರಿಗಷ್ಟೇ ಜಾಗ. ನಾನು ಹಿಂದಿನಿಂದ ಯಾರದೋ ಭುಜದ ಮೇಲಿಂದ ನೋಡಿದ್ದು.

ಬಹುಮಾನ ಬರಲಿಲ್ಲ. ಮಾರ್ಚಿಗೆ ಕೊರೋನಾ ಬಂದು ಶಾಲೆಯೇ ಮುಚ್ಚಿತು. ಡಬ್ಬಿಗಳು ಬೀರು ಸೇರಿದವು. ಇವಿ3 ಮಾಡುವುದನ್ನು ಕಂಪನಿಯೇ ಈಗ ನಿಲ್ಲಿಸಿದೆ. ನಾನು ಇಂಜಿನಿಯರ್ ಆಗಲಿಲ್ಲ, ಬಿ.ಕಾಂ. ಮಾಡಿ ಅಂಗಡಿಯಲ್ಲೇ ಇದ್ದೇನೆ.

ಹೋದ ವರ್ಷ ಯಾವುದೋ ಸರ್ಟಿಫಿಕೇಟ್‌ಗೆ ಶಾಲೆಗೆ ಬಂದಿದ್ದೆ. ಲ್ಯಾಬಿನ ಬಾಗಿಲು ತೆರೆದಿತ್ತು. ಅದೇ ಟೇಬಲ್, ಅದೇ ಡಬ್ಬಿಗಳು, ನನ್ನ ಅಕ್ಷರದ ಚೀಟಿಗಳು ಅರ್ಧ ಕಿತ್ತಿವೆ. ಎಂಟನೆಯ ತರಗತಿಯ ಹುಡುಗನೊಬ್ಬ ಕೈ ಚಾಚಿ, "ಅಣ್ಣಾ, ಆ ಗೂಟ ಕೊಡಿ" ಅಂದ. ಯಾವ ಗೂಟ, ಕಪ್ಪೋ ಬೂದೋ ಅಂತ ಕೇಳಿದೆ. ಅವನು ನನ್ನ ಮುಖ ನೋಡಿದ. "ಕಪ್ಪು. ಬೂದಾದರೆ ಅಲ್ಲಾಡುತ್ತಲ್ಲ ಅಣ್ಣಾ."

ಕೊಟ್ಟೆ. ಆಮೇಲೆ ಸುಮ್ಮನಿರಲಾರದೆ ಕೂತು ಎಣಿಸಿದೆ. ಎಂಟು ಕಮ್ಮಿ ಇದ್ದವು.